ಕೊಟ್ಟ ಮಾತು, ಹೊತ್ತಿದ ಬೆಂಕಿ: 1914ರ ಮಹಾಯುದ್ಧದ ಪಾಠ

ಕೊಟ್ಟ ಮಾತಿಗೆ ತಪ್ಪಬಾರದೆಂಬುದು ನಮ್ಮ ಮನೆಗಳಲ್ಲಿ ಮಕ್ಕಳಿಗೆ ಮೊದಲು ಕಲಿಸುವ ನೀತಿ. ಮಾತು ಕೊಡುವ ಮುನ್ನ ಅದು ಯಾರಿಗೆ, ಯಾವುದಕ್ಕೆ, ಎಲ್ಲಿಯವರೆಗೆ ಎಂದು ವಿವೇಚಿಸಬೇಕೆಂಬ ನೀತಿಯನ್ನೂ ಅಷ್ಟೇ ಆಸ್ಥೆಯಿಂದ ಕಲಿಸುತ್ತೇವೆಯೇ? ಗೃಹಸ್ಥನೊಬ್ಬನು ವಿಚಾರಿಸದೆ ಮತ್ತೊಬ್ಬನ ಸಾಲಕ್ಕೆ ಜಾಮೀನು ನಿಂತರೆ ಒಂದು ಮನೆ ಹಾಳಾದೀತು. ರಾಷ್ಟ್ರಗಳೇ ಹಾಗೆ ಜಾಮೀನು ನಿಂತರೆ ಏನಾಗುವುದೆಂಬುದನ್ನು 1914ರ ಬೇಸಿಗೆಯ ಐದು ವಾರಗಳು ಜಗತ್ತಿಗೆ ತೋರಿಸಿಕೊಟ್ಟವು.

ಆ ಕಥೆಯ ಬೇರು 1871ರಲ್ಲಿದೆ. ಆ ವರ್ಷ ಫ್ರಾನ್ಸನ್ನು ಸೋಲಿಸಿ ಒಂದುಗೂಡಿದ ಜರ್ಮನಿಯು ಅಲ್ಸಾಸ್-ಲೊರೇನ್ ಪ್ರಾಂತವನ್ನು ಕಿತ್ತುಕೊಂಡಿತು. ಸೋತವರು ಸೇಡು ತೀರಿಸಿಕೊಳ್ಳುವರೆಂಬ ಭಯ ಗೆದ್ದವರನ್ನು ಕಾಡಿತು. ಆದುದರಿಂದ ಜರ್ಮನಿಯ ಪ್ರಧಾನಿ ಬಿಸ್ಮಾರ್ಕ್ 1879ರಲ್ಲಿ ಆಸ್ಟ್ರಿಯಾ-ಹಂಗೆರಿಯೊಡನೆ ಒಪ್ಪಂದ ಮಾಡಿಕೊಂಡನು. 1882ರಲ್ಲಿ ಇಟಲಿಯೂ ಸೇರಿ ತ್ರಿರಾಷ್ಟ್ರ ಮೈತ್ರಿಯಾಯಿತು. ರಷ್ಯಾವನ್ನೂ ಆತನು 1887ರ ಗುಪ್ತ ಕರಾರಿನಿಂದ ಹಿಡಿದಿಟ್ಟಿದ್ದನು. 1890ರಲ್ಲಿ ಬಿಸ್ಮಾರ್ಕ್ ಅಧಿಕಾರ ಬಿಟ್ಟ ಮೇಲೆ ಜರ್ಮನಿ ಆ ಕರಾರನ್ನು ನವೀಕರಿಸಲಿಲ್ಲ. ಒಂಟಿಯಾದ ರಷ್ಯಾ, ಒಂಟಿಯಾಗಿಯೇ ಇದ್ದ ಫ್ರಾನ್ಸಿನ ಕೈ ಹಿಡಿಯಿತು. 1894ರ ವೇಳೆಗೆ ಅವೆರಡರ ನಡುವೆ ಸೈನಿಕ ಒಪ್ಪಂದ ಸ್ಥಿರವಾಯಿತು. ಬ್ರಿಟನ್ 1904ರಲ್ಲಿ ಫ್ರಾನ್ಸಿನೊಡನೆಯೂ 1907ರಲ್ಲಿ ರಷ್ಯಾದೊಡನೆಯೂ ತನ್ನ ವ್ಯಾಜ್ಯಗಳನ್ನು ಬಗೆಹರಿಸಿಕೊಂಡಿತು. ಇವೆಲ್ಲವೂ ಆತ್ಮರಕ್ಷಣೆಯ ಹೆಸರಿನಲ್ಲಿಯೇ ನಡೆದವೆಂಬುದನ್ನು ಓದುಗರು ಗಮನಿಸಬೇಕು. ಒಬ್ಬನ ರಕ್ಷಣೆಯ ಗೋಡೆ ಎದುರುಮನೆಯವನಿಗೆ ದಾಳಿಯ ಸಿದ್ಧತೆಯಂತೆ ಕಂಡಿತು.

1914ರ ಜೂನ್ 28ರಂದು ಸರಾಯೆವೊ ನಗರದಲ್ಲಿ ಆಸ್ಟ್ರಿಯಾದ ಯುವರಾಜ ಫ್ರಾಂಜ್ ಫರ್ಡಿನೆಂಡ್ ಮತ್ತು ಆತನ ಪತ್ನಿ ಸೋಫಿ, ಗಾವ್ರಿಲೊ ಪ್ರಿನ್ಸಿಪ್ ಎಂಬ ಹತ್ತೊಂಬತ್ತರ ತರುಣನ ಗುಂಡಿಗೆ ಬಲಿಯಾದರು. ಆಸ್ಟ್ರಿಯಾ ಇದರ ಹೊಣೆಯನ್ನು ಸರ್ಬಿಯಾದ ಮೇಲೆ ಹೊರಿಸಿತು. ಸರ್ಬಿಯಾವನ್ನು ದಂಡಿಸಿದರೆ ರಷ್ಯಾ ಸುಮ್ಮನಿರದೆಂಬ ಅಳುಕು ಅದಕ್ಕಿತ್ತು. ಜುಲೈ 5ರಂದು ಜರ್ಮನಿಯ ಚಕ್ರವರ್ತಿ ಎರಡನೆಯ ವಿಲ್‌ಹೆಲ್ಮ್, ಏನೇ ಬಂದರೂ ಬೆನ್ನಿಗೆ ನಿಲ್ಲುವೆನೆಂದು ಅಭಯವಿತ್ತನು. ಚರಿತ್ರಕಾರರು ಇದನ್ನು ಮೊತ್ತ ಬರೆಯದೆ ಸಹಿ ಮಾಡಿಕೊಟ್ಟ ಚೆಕ್ಕು ಎನ್ನುತ್ತಾರೆ. ಅನಾಹುತದ ಬೀಜ ಬಿದ್ದುದು ಇಲ್ಲಿಯೇ ಎಂದು ನಮಗೆ ತೋರುತ್ತದೆ. ಬಲಿಷ್ಠನ ಅಭಯ ದೊರೆತವನಿಗೆ ರಾಜಿಯಾಗುವ ಅಗತ್ಯವೇ ಕಾಣುವುದಿಲ್ಲ. ಜುಲೈ 23ರಂದು ಆಸ್ಟ್ರಿಯಾ ನಲವತ್ತೆಂಟು ಗಂಟೆಗಳ ಗಡುವಿನ ಕಠೋರ ಪತ್ರ ಕಳುಹಿಸಿತು. ಸರ್ಬಿಯಾ ಅದರ ಬಹುಪಾಲು ಬೇಡಿಕೆಗಳಿಗೆ ತಲೆಬಾಗಿದರೂ ತೃಪ್ತವಾಗದೆ ಜುಲೈ 28ರಂದು ಯುದ್ಧ ಸಾರಿತು.

ಆಮೇಲೆ ನಡೆದುದು ರೈಲು ವೇಳಾಪಟ್ಟಿಗಳ ಆಟ. ಲಕ್ಷಾಂತರ ಸೈನಿಕರನ್ನು ಗಡಿಗೆ ಸಾಗಿಸಲು ವಾರಗಳೇ ಬೇಕಾಗಿದ್ದುದರಿಂದ, ಮೊದಲು ಹೊರಟವನೇ ಗೆದ್ದನೆಂದು ಸೇನಾಪತಿಗಳು ನಂಬಿದ್ದರು. ಜುಲೈ 30ರಂದು ರಷ್ಯಾ ತನ್ನ ಸಮಗ್ರ ಸೇನೆಯ ಜಮಾವಣೆಗೆ ಆಜ್ಞೆಯಿತ್ತಿತು. ಜರ್ಮನಿಯ ಯೋಜನೆಯೋ ವಿಚಿತ್ರವಾದುದು: ರಷ್ಯಾದೊಡನೆ ಯುದ್ಧ ಬಂದರೂ ಮೊದಲು ಫ್ರಾನ್ಸಿನ ಮೇಲೆ ಬಿದ್ದು, ಸುಮಾರು ಆರು ವಾರಗಳಲ್ಲಿ ಅದನ್ನು ಮುಗಿಸಿ, ಬಳಿಕ ಪೂರ್ವಕ್ಕೆ ತಿರುಗಬೇಕು! ಆಗಸ್ಟ್ 1ರಂದು ರಷ್ಯಾದ ಮೇಲೆ ಯುದ್ಧ ಸಾರಿದ ದಿನವೇ ಚಕ್ರವರ್ತಿಯು ಫ್ರಾನ್ಸನ್ನು ಬಿಟ್ಟು ಸೇನೆಯನ್ನೆಲ್ಲ ಪೂರ್ವಕ್ಕೆ ತಿರುಗಿಸಬಹುದೇ ಎಂದು ಕೇಳಿದಾಗ, ಸೇನಾಪತಿ ಮೋಲ್ಟ್ಕೆ ಅದು ಸಾಧ್ಯವಿಲ್ಲವೆಂದನು. ಅರಸನ ಮನಸ್ಸು ಹಿಂಜರಿದರೂ ಕಾಗದದ ಯೋಜನೆ ಹಿಂಜರಿಯಲಿಲ್ಲ. ಆಗಸ್ಟ್ 3ರಂದು ಫ್ರಾನ್ಸಿನ ಮೇಲೆ ಯುದ್ಧ, ಮರುದಿನ ಬೆಲ್ಜಿಯಂ ಮೇಲೆ ದಾಳಿ. ಬೆಲ್ಜಿಯಂನ ತಾಟಸ್ಥ್ಯಕ್ಕೆ 1839ರಲ್ಲಿ ಮಾತುಕೊಟ್ಟಿದ್ದ ಬ್ರಿಟನ್ ಅಂದೇ ರಣರಂಗಕ್ಕಿಳಿಯಿತು.

ಹಾಗಾದರೆ ಒಪ್ಪಂದಗಳೇ ಯುದ್ಧವನ್ನು ತಂದವೇ? ಅಷ್ಟು ಸರಳವಾಗಿ ಹೇಳಲಾಗದು. ಇಟಲಿ ತ್ರಿರಾಷ್ಟ್ರ ಮೈತ್ರಿಯಲ್ಲಿದ್ದೂ, ಇದು ಆತ್ಮರಕ್ಷಣೆಯ ಯುದ್ಧವಲ್ಲವೆಂದು ತಟಸ್ಥವಾಗಿ ಉಳಿಯಿತು. 1915ರಲ್ಲಿ ಎದುರು ಪಕ್ಷವನ್ನೇ ಸೇರಿತು. ಅತ್ತ ರಷ್ಯಾಕ್ಕೆ ಸರ್ಬಿಯಾದೊಡನೆ ಯಾವ ಲಿಖಿತ ಸೈನಿಕ ಕರಾರೂ ಇರದಿದ್ದರೂ ಅದು ಯುದ್ಧಕ್ಕೆ ನಿಂತಿತು. ಫ್ರಿಟ್ಜ್ ಫಿಷರ್ ಎಂಬ ಜರ್ಮನ್ ಚರಿತ್ರಕಾರ 1961ರಲ್ಲಿ ಮುಖ್ಯ ಹೊಣೆಯನ್ನು ತನ್ನ ದೇಶದ ಮೇಲೆಯೇ ಹೊರಿಸಿದನು. 2012ರಲ್ಲಿ ಕ್ರಿಸ್ಟೋಫರ್ ಕ್ಲಾರ್ಕ್, ಎಲ್ಲ ರಾಜಧಾನಿಗಳವರೂ ನಿದ್ದೆಯಲ್ಲಿ ನಡೆದವರಂತೆ ಯುದ್ಧದೊಳಕ್ಕೆ ನಡೆದರೆಂದು ಬರೆದನು. ಇವೆರಡರಿಂದಲೂ ನಾವು ಗ್ರಹಿಸಬೇಕಾದುದು ಒಂದೇ. ಮೈತ್ರಿಯು ಬೆಂಕಿ ಹೊತ್ತಿಸುವುದಿಲ್ಲ. ಹೊತ್ತಿದ ಬೆಂಕಿಗೆ ಮನೆಯಿಂದ ಮನೆಗೆ ದಾರಿ ಮಾಡಿಕೊಡುತ್ತದೆ. ಕಿಡಿಯನ್ನು ಇಡುವ ಕೈ, ಆರಿಸದೆ ನಿಲ್ಲುವ ಕೈ ಎರಡೂ ಮನುಷ್ಯನವೇ.

ಆ ಬೆಂಕಿಯ ಝಳ ನಮ್ಮ ನಾಡಿಗೂ ತಟ್ಟಿತು. ಭಾರತವನ್ನು ಯಾರೂ ಒಂದು ಮಾತು ಕೇಳಲಿಲ್ಲ. ಬ್ರಿಟನ್ ಯುದ್ಧ ಸಾರಿದೊಡನೆ ಭಾರತವೂ ಯುದ್ಧದಲ್ಲಿತ್ತು. ಹತ್ತು ಲಕ್ಷಕ್ಕೂ ಹೆಚ್ಚು ಭಾರತೀಯರು ಸಮುದ್ರದಾಚೆ ಹೋದರು. ಎಪ್ಪತ್ತು ಸಾವಿರಕ್ಕೂ ಹೆಚ್ಚು ಮಂದಿ ಮರಳಲಿಲ್ಲ. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಗೆದ್ದ ಅಶ್ವದಳಗಳಲ್ಲಿ ಜೋಧಪುರದವರೊಡನೆ ನಮ್ಮ ಮೈಸೂರು ಲಾನ್ಸರ್ಸ್ ಕೂಡ ಇದ್ದರು. ಬೆಂಗಳೂರಿನಲ್ಲಿ ಅವರ ಸ್ಮಾರಕವಿದೆ. ಅವರ ಶೌರ್ಯಕ್ಕೆ ನಾವು ತಲೆಬಾಗುತ್ತೇವೆ. ಬರ್ಲಿನ್, ವಿಯೆನ್ನಾಗಳಲ್ಲಿ ಬರೆದ ಕಾಗದಕ್ಕೂ ಅವರ ತಾಯಂದಿರ ಕಣ್ಣೀರಿಗೂ ಏನು ಸಂಬಂಧವಿತ್ತೆಂದು ಕೇಳದಿರಲೂ ಆಗುವುದಿಲ್ಲ.

ಮೈತ್ರಿಗಳೆಲ್ಲವೂ ಕೆಡುಕೆಂದು ನಾವು ಹೇಳುವುದಿಲ್ಲ. 1949ರಲ್ಲಿ ಹುಟ್ಟಿದ ನ್ಯಾಟೋ ಕೂಟವೂ 1955ರ ವಾರ್ಸಾ ಕೂಟವೂ, ಎರಡನೆಯದು 1991ರಲ್ಲಿ ವಿಸರ್ಜನೆಯಾಗುವವರೆಗೆ, ಯುರೋಪಿನಲ್ಲಿ ಎದುರೆದುರು ನಿಂತಿದ್ದರೂ ನೇರ ಯುದ್ಧಕ್ಕಿಳಿಯಲಿಲ್ಲ. ದುರ್ಬಲನಿಗೆ ನೆರೆಯವರ ಬೆಂಬಲ ಬೇಡವೆನ್ನಲು ನಾವಾರು? ನ್ಯಾಟೋ ಕರಾರಿನ ಐದನೆಯ ವಿಧಿಯು ಒಬ್ಬರ ಮೇಲಿನ ದಾಳಿಯನ್ನು ಎಲ್ಲರ ಮೇಲಿನ ದಾಳಿಯೆಂದೇ ಬಗೆಯುತ್ತದೆ. ಆದರೂ ಪ್ರತಿಯೊಂದು ರಾಷ್ಟ್ರವೂ ತನಗೆ ಅಗತ್ಯವೆಂದು ತೋರಿದ ಕ್ರಮ ಕೈಗೊಳ್ಳಬಹುದೆಂದು ವಿವೇಚನೆಗೆ ಎಡೆ ಬಿಟ್ಟಿದೆ. 1914ರವರು ಕಳೆದುಕೊಂಡುದು ಈ ಎಡೆಯನ್ನೇ.

ಮಹಾಭಾರತದ ಕರ್ಣನು ಋಣಕ್ಕೆ ಕಟ್ಟುಬಿದ್ದು ಅಧರ್ಮದ ಪಕ್ಷದಲ್ಲಿ ಮಡಿದುದನ್ನು ನೆನೆದು ನಾವು ಇಂದಿಗೂ ಮರುಗುತ್ತೇವೆ. ಆತನ ನಿಷ್ಠೆ ದೊಡ್ಡದು. ಆ ನಿಷ್ಠೆಯೇ ದುರ್ಯೋಧನನ ಹಟಕ್ಕೆ ಬಲವಾಯಿತು. ನಿಜವಾದ ಮಿತ್ರನು ಬೆನ್ನಿಗೆ ನಿಲ್ಲುವ ಮುನ್ನ ಎದುರಿಗೆ ನಿಂತು ಬುದ್ಧಿ ಹೇಳುವವನು. 1914ರ ಜುಲೈ 5ರಂದು ಬರ್ಲಿನ್ನಿನಿಂದ ವಿಯೆನ್ನಾಕ್ಕೆ ಹೋಗಬೇಕಾಗಿದ್ದುದು ಅಂತಹ ಮಿತ್ರನ ಮಾತು. ಅದು ಹೋಗದಿದ್ದುದರಿಂದ ಸುಮಾರು ಒಂದು ಕೋಟಿ ಸೈನಿಕರು ಮನೆಗೆ ಮರಳಲಿಲ್ಲ.