ಹತ್ತು ವರ್ಷ ಕಂದಾಯವಿಲ್ಲ

ಅಂಕೋಲೆಯ ದಕ್ಷಿಣಕ್ಕೆ ಗಂಗಾವಳಿ ಹೊಳೆ ಕಡಲನ್ನು ಕೂಡುವೆಡೆಯಲ್ಲಿ ನೆಲ ಯಾವುದು, ನೀರು ಯಾವುದು ಎಂದು ಹೇಳುವುದು ಹೊಸಬರಿಗೆ ಸುಲಭವಲ್ಲ. ಭರತದ ವೇಳೆಗೆ ಹೊಳೆಯಾಗಿದ್ದುದು ಇಳಿತದ ವೇಳೆಗೆ ಕೆಸರಾಗಿರುತ್ತದೆ. ಇಂತಹ ಕೆಸರನ್ನು ಮಣ್ಣಿನ ಒಡ್ಡಿನಿಂದ ಸುತ್ತುಗಟ್ಟಿ, ಉಪ್ಪುನೀರನ್ನು ಹೊರಗೆ ತಡೆದು, ಗದ್ದೆಯನ್ನಾಗಿ ಮಾಡಿದ ನೆಲಕ್ಕೆ ನಮ್ಮ ಕರಾವಳಿಯಲ್ಲಿ ಗಜನಿ ಎಂದು ಹೆಸರು. ಉತ್ತರ ಕನ್ನಡದ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಈ ನಾಲ್ಕೂ ಹೊಳೆಗಳ ಅಳಿವೆಗಳಲ್ಲಿ ಗಜನಿಗಳುಂಟು.

ಗಜನಿಯ ಬೇಸಾಯ ಬಲು ಸೋಜಿಗದ್ದು. ಮುಂಗಾರಿನ ಮೊದಲ ಮಳೆಗಳು ಮಣ್ಣಿನ ಉಪ್ಪನ್ನು ತೊಳೆದ ಮೇಲೆಯೇ ಬಿತ್ತನೆ. ಬೀಜವೂ ಬೇರೆಯೇ, ಕಗ್ಗ ಎಂಬ ಎತ್ತರದ ಭತ್ತ. ಉಪ್ಪನ್ನೂ ಸಹಿಸುತ್ತದೆ, ಕೆಲವು ದಿನ ನೆರೆಯಲ್ಲಿ ಮುಳುಗಿದರೂ ಸಾಯುವುದಿಲ್ಲ. ಗೊಬ್ಬರದ ಹಂಗಿಲ್ಲ. ಕೊಯ್ಲು ಮುಗಿದೊಡನೆ ತೂಬಿನ ಹಲಗೆಯನ್ನೆತ್ತಿ ಕಡಲ ನೀರನ್ನು ಒಳಕ್ಕೆ ಬಿಟ್ಟರೆ ಭತ್ತದ ಗದ್ದೆಯೇ ಮೀನು ಸಿಗಡಿಗಳ ಕೆರೆ. ಆದರೆ ಇವೆಲ್ಲಕ್ಕೂ ಮೊದಲು ಒಡ್ಡು ನಿಲ್ಲಬೇಕು. ಒಂದು ದೊಡ್ಡ ಭರತಕ್ಕೆ ಒಡ್ಡು ಒಡೆಯಿತೆಂದರೆ ಇಡೀ ವರ್ಷದ ದುಡಿಮೆ ಸಮುದ್ರಪಾಲು. ಹೊಸದಾಗಿ ಒಡ್ಡು ಕಟ್ಟಿದವನು ಮಣ್ಣಿನ ಉಪ್ಪು ಇಳಿಯುವವರೆಗೆ ಮಳೆಗಾಲಗಳನ್ನೆಣಿಸುತ್ತ ಕಾಯಬೇಕು. ಅಂಥವನಿಂದ ಮೊದಲ ವರ್ಷವೇ ಕಂದಾಯ ಕೇಳಿದರೆ ಅವನು ಒಡ್ಡನ್ನೇಕೆ ಕಟ್ಟಿಯಾನು?

ಉತ್ತರ ಕನ್ನಡ ಜಿಲ್ಲೆಯು 1862ರಲ್ಲಿ ಮದರಾಸು ಇಲಾಖೆಯನ್ನು ಬಿಟ್ಟು ಮುಂಬಯಿ ಇಲಾಖೆಗೆ ಸೇರಿತೆಂಬುದನ್ನು ಓದುಗರು ಬಲ್ಲರು. ಕಾರವಾರದ ಬಂದರಿನಿಂದ ಧಾರವಾಡದ ಹತ್ತಿಯನ್ನು ಸಾಗಿಸಬೇಕೆಂಬ ಮುಂಬಯಿ ವರ್ತಕರ ಆಸೆಯೇ ಅದಕ್ಕೆ ಮುಖ್ಯ ಕಾರಣ. ಆ ಆಸೆ ಬಹುಕಾಲ ಬಾಳಲಿಲ್ಲ; ರೈಲು ಗೋವೆಯ ಮುರಗಾವಿಗೆ ಹೋಯಿತು. ಆದರೆ ಮುಂಬಯಿಯ ಕಂದಾಯ ಕಾನೂನುಗಳು ನಮ್ಮಲ್ಲಿ ಉಳಿದವು. ಉಪ್ಪುಜೌಗನ್ನು ಸಾಗುವಳಿಗೆ ತರುವವರಿಗಾಗಿ ಅವುಗಳಲ್ಲಿ ಒಂದು ವಿಶೇಷವಾದ ಸೂಟು ಇದ್ದಿತು. ಮೊದಲ ಹತ್ತು ವರ್ಷ ಏನೂ ಕೊಡಬೇಕಿಲ್ಲ. ಮುಂದಿನ ಇಪ್ಪತ್ತು ವರ್ಷ ಎಕರೆಗೆ ನಾಲ್ಕಾಣೆ. ಮೂವತ್ತು ವರ್ಷ ತುಂಬಿದ ಮೇಲೆ ಪೂರ್ಣ ಆಕಾರ. ಇಷ್ಟೇ ಆಗಿದ್ದರೆ ಇದೊಂದು ದಾನವೆನಿಸುತ್ತಿತ್ತು. ಆದರೆ ಹತ್ತು ವರ್ಷ ಮುಗಿಯುವಷ್ಟರಲ್ಲಿ ಅರ್ಧ ನೆಲ, ಇಪ್ಪತ್ತು ಮುಗಿಯುವಷ್ಟರಲ್ಲಿ ಪೂರ್ತಿ ನೆಲ ಬೇಸಾಯಕ್ಕೆ ಯೋಗ್ಯವಾಗದಿದ್ದರೆ ಗುತ್ತಿಗೆಯನ್ನೇ ರದ್ದುಮಾಡಲು ಕಲೆಕ್ಟರರಿಗೆ ಅಧಿಕಾರವಿತ್ತು. ನಾಲ್ಕಾಣೆಯನ್ನೂ ಗದ್ದೆಯಾದ ಭಾಗಕ್ಕೆ ಮಾತ್ರವಲ್ಲ, ಹಿಡಿದ ನೆಲಕ್ಕೆಲ್ಲ ತೆರಬೇಕು. ನೆಲವನ್ನು ಸುಮ್ಮನೆ ಹಿಡಿದು ಕೂತವನಿಗೆ ಲಾಭವಿಲ್ಲ.

ಪರಕೀಯ ಸರಕಾರವನ್ನು ಹೊಗಳುವ ಉದ್ದೇಶ ನನಗಿಲ್ಲ. ಉಪ್ಪಿನ ನೆಲಕ್ಕೆ ಸೂಟು ಕೊಟ್ಟ ಅದೇ ಸರಕಾರ ಬಡವನ ಗಂಜಿಯ ಉಪ್ಪಿಗೆ ಕರ ಹಾಕಿತ್ತು. 1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರು ಕಾಯಿದೆ ಮುರಿದು ಉಪ್ಪು ಮಾಡಿದುದು ಇದೇ ಅಂಕೋಲೆಯಲ್ಲಿ. ಮುಂದಿನ ವರ್ಷಗಳ ಕರನಿರಾಕರಣೆಯಲ್ಲಿ ಈ ತಾಲೂಕಿನ ರೈತರು ಮನೆಮಠ, ಜಮೀನು ಜಪ್ತಿಯಾದರೂ ಕಂದಾಯ ತೆರಲಿಲ್ಲ. ಅಂಕೋಲೆಗೆ ಕರ್ನಾಟಕದ ಬಾರ್ಡೋಲಿ ಎಂಬ ಹೆಸರು ಬಂದದ್ದು ಹೀಗೆ. ಕಂದಾಯವೆಂದರೇನೆಂದು ಅಂಕೋಲೆಯವರಿಗೆ ಯಾರೂ ಕಲಿಸಬೇಕಾಗಿಲ್ಲ.

ಇರಲಿ. ಹತ್ತು ವರ್ಷದ ಸೂಟಿನ ಉಪಾಯ ಬ್ರಿಟನ್ನಿಗೂ ಹೊಳೆದದ್ದುಂಟು. ಕಾರ್ಖಾನೆಗಳು ಮುಚ್ಚಿ ಪಾಳುಬಿದ್ದ ಪ್ರದೇಶಗಳನ್ನು ಮತ್ತೆ ಚಿಗುರಿಸಲು ಅಲ್ಲಿಯ ಸರಕಾರ 1981ರಿಂದ ಕೆಲವೆಡೆ ಉದ್ಯಮ ವಲಯಗಳನ್ನು ತೆರೆದು, ಅಲ್ಲಿ ನೆಲೆಯೂರಿದ ಉದ್ಯಮಗಳಿಗೆ ಹತ್ತು ವರ್ಷ ಸ್ಥಳೀಯ ಕಟ್ಟಡ ತೆರಿಗೆಯನ್ನು ಮನ್ನಾ ಮಾಡಿತು. ಹಾಗೆ ಬಿಟ್ಟ ತೆರಿಗೆಯನ್ನು ಸ್ಥಳೀಯ ಸಂಸ್ಥೆಗಳಿಗೆ ಕೇಂದ್ರದ ಬೊಕ್ಕಸವೇ ತುಂಬಿಕೊಟ್ಟಿತು. ಈ ಕೊನೆಯ ಮಾತನ್ನು ಓದುಗರು ದಯವಿಟ್ಟು ನೆನಪಿನಲ್ಲಿಡಬೇಕು.

ನಮ್ಮ ರಾಜ್ಯದ ಕೈಗಾರಿಕಾ ನೀತಿಗಳೂ ಹಿಂದುಳಿದ ಜಿಲ್ಲೆಗಳಿಗೆ ಬರುವ ಉದ್ಯಮಗಳಿಗೆ ಮುದ್ರಾಂಕ ಶುಲ್ಕ, ವಿದ್ಯುತ್ ಸುಂಕ ಮೊದಲಾದವುಗಳಲ್ಲಿ ರಿಯಾಯಿತಿ ಕೊಡುತ್ತ ಬಂದಿವೆ. ಅವು ರಾಜ್ಯದ ಸ್ವಂತ ಹಣ, ಬಿಟ್ಟರೆ ಬಿಡಲಿ. ಮನೆ ಕಟ್ಟಡಗಳ ಮೇಲಿನ ತೆರಿಗೆಯ ಮಾತು ಬೇರೆ. ಅದು ಪಟ್ಟಣದಲ್ಲಿ ನಗರಸಭೆ ಪುರಸಭೆಗಳದು, ಹಳ್ಳಿಯಲ್ಲಿ ಗ್ರಾಮ ಪಂಚಾಯತಿಯದು. ಬೀದಿಯ ದೀಪ, ನಲ್ಲಿಯ ನೀರು, ಗಟಾರದ ಕೆಲಸ ಇವಕ್ಕೆಲ್ಲ ಆಧಾರ ಅದೇ. (ಏಪ್ರಿಲಿನಲ್ಲೇ ಮನೆಪಟ್ಟಿ ಕಟ್ಟಿ ನೂರಕ್ಕೆ 5ರ ರಿಯಾಯಿತಿ ಪಡೆಯುವ ಗೃಹಸ್ಥರಿಗೆ ಈ ತೆರಿಗೆಯ ಬೆಲೆಯನ್ನು ನಾನು ಹೇಳಬೇಕಾಗಿಲ್ಲ.)

ಈಗ ಅಂಕೋಲೆಯಿಂದ ಕಾರವಾರದ ಕಡೆಗೆ ಹೊರಡೋಣ. ಹೆದ್ದಾರಿಯ ಎಡಕ್ಕೆ ಕಡಲು, ಬಲಕ್ಕೆ ಸಹ್ಯಾದ್ರಿ. ಹಾರವಾಡ, ಅಮದಳ್ಳಿ, ತೋಡೂರು, ಚೆಂಡಿಯಾ, ಅರ್ಗಾ ಎಂದು ಊರುಗಳ ಹೆಸರು ಬರುತ್ತ ಹೋಗುತ್ತವೆ. ಆದರೆ ಕಡಲಿನ ಕಡೆಗೆ ಬಹುದೂರ ಕಾಣುವುದು ನೌಕಾಪಡೆಯ ಗೋಡೆ, ಬೇಲಿ. ಸೀಬರ್ಡ್ ನೌಕಾನೆಲೆಗೆ ರಾಜೀವ ಗಾಂಧಿಯವರು 1986ರಲ್ಲಿ ಅಡಿಗಲ್ಲಿಟ್ಟರು. ಐಎನ್‌ಎಸ್ ಕದಂಬ 2005ರಲ್ಲಿ ಕಾರ್ಯಾರಂಭ ಮಾಡಿತು. ಸುಮಾರು 11,000 ಎಕರೆ ನೆಲ ಇದಕ್ಕೆ ಸಂದಿತು. ನಾಲ್ಕು ಸಾವಿರಕ್ಕೂ ಮಿಕ್ಕಿದ ಕುಟುಂಬಗಳು ಎದ್ದುಹೋದವು. ದೇಶದ ರಕ್ಷಣೆಗಾಗಿ ಅವರು ಮಾಡಿದ ತ್ಯಾಗ ಸಣ್ಣದಲ್ಲ. ಪರಿಹಾರಕ್ಕಾಗಿ ಅವರು ದಶಕಗಟ್ಟಲೆ ನ್ಯಾಯಾಲಯದ ಮೆಟ್ಟಿಲು ಹತ್ತಿದ ಕಥೆಯೇ ಬೇರೊಂದು ಲೇಖನವಾದೀತು.

ಇಲ್ಲಿ ಹೇಳಬೇಕಾದುದು ಬೇರೆ. ಸಂವಿಧಾನದ 285ನೆಯ ವಿಧಿಯ ಪ್ರಕಾರ ಕೇಂದ್ರ ಸರಕಾರದ ಆಸ್ತಿಯ ಮೇಲೆ ರಾಜ್ಯವಾಗಲಿ, ರಾಜ್ಯದೊಳಗಿನ ಸ್ಥಳೀಯ ಸಂಸ್ಥೆಯಾಗಲಿ ತೆರಿಗೆ ಹಾಕುವಂತಿಲ್ಲ. ಸಂಸತ್ತು ಕಾನೂನು ಮಾಡಿದರೆ ಮಾತ್ರ ಆ ಮಾತು ಬೇರೆ. ಹೀಗಾಗಿ ನಿನ್ನೆಯವರೆಗೆ ಮನೆಪಟ್ಟಿ ತೆರುತ್ತಿದ್ದ ಮನೆಗಳು ಪಂಚಾಯತಿಯ ಲೆಕ್ಕದಿಂದ ಅಳಿದುಹೋದವು. ಅವುಗಳ ಸ್ಥಳದಲ್ಲಿ ಎದ್ದ ಕಟ್ಟಡಗಳಿಗೆ ತೆರಿಗೆಯೇ ಇಲ್ಲ. ಗಜನಿಯ ಸೂಟಿಗೆ ಅವಧಿಯಿತ್ತು, ಷರತ್ತಿತ್ತು. ಇದಕ್ಕೆ ಎರಡೂ ಇಲ್ಲ. ಕೊಡುವ ನಿರ್ಧಾರ ದಿಲ್ಲಿಯದು, ತೆರುವ ಬೆಲೆ ಊರಿನದು. ನೌಕಾನೆಲೆಯಿಂದ ಕಾರವಾರದ ಪೇಟೆಗೆ ವ್ಯಾಪಾರ ಹೆಚ್ಚಿತು, ಬಾಡಿಗೆ ಮನೆಗಳಿಗೆ ಬೇಡಿಕೆ ಬಂತು ಎಂಬುದೂ ನಿಜ. ಆದರೆ ಆ ಲಾಭ ಹೆಚ್ಚಾಗಿ ಪೇಟೆಯದು. ಬೇಲಿಯ ಬದಿಯಲ್ಲಿ ಉಳಿದ ಹಳ್ಳಿಯದಲ್ಲ.

ದಾರಿ ಪೂರ್ತಿ ಮುಚ್ಚಿಲ್ಲ. ಕರವಲ್ಲದಿದ್ದರೂ ಸೇವಾಶುಲ್ಕವನ್ನು ಸ್ಥಳೀಯ ಸಂಸ್ಥೆಗಳಿಗೆ ಕೊಡಬೇಕೆಂದು ಕೇಂದ್ರ ಹಣಕಾಸು ಮಂತ್ರಾಲಯ 1954ರಷ್ಟು ಹಿಂದೆಯೇ ಪತ್ರ ಬರೆದಿತ್ತು. 2009ರಲ್ಲಿ ರಾಜಕೋಟ ಮಹಾನಗರಪಾಲಿಕೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಇದರ ದರವೂ ಗೊತ್ತಾಯಿತು: ಎಲ್ಲ ಸೇವೆಗಳನ್ನೂ ಪಡೆದರೆ ತೆರಿಗೆಯ ನೂರಕ್ಕೆ 75, ಭಾಗಶಃ ಪಡೆದರೆ 50, ಏನನ್ನೂ ಪಡೆಯದಿದ್ದರೂ ಮೂರರಲ್ಲೊಂದು ಪಾಲು. ಹಳ್ಳಿಯ ಪಂಚಾಯತಿಗಳೂ ಇದೇ ಲೆಕ್ಕವನ್ನು ಮುಂದಿಟ್ಟು ಕೇಳುವುದು ನ್ಯಾಯವೆಂದು ನನ್ನ ಭಾವನೆ. ತೊಡಕು ಒಂದೇ. ಮೂರರಲ್ಲೊಂದು ಪಾಲೆಂದರೂ ಮೊದಲು ಪೂರ್ಣ ತೆರಿಗೆ ಎಷ್ಟೆಂದು ಗೊತ್ತಾಗಬೇಕು. ಗಜನಿಯ ಅರ್ಧ ನೆಲ ಗದ್ದೆಯಾಯಿತೋ ಇಲ್ಲವೋ ಎಂದು ನೋಡಲು ಅಂದಿನ ಕಂದಾಯದ ಅಧಿಕಾರಿ ಒಡ್ಡಿನ ಮೇಲೆ ನಡೆದುಹೋದರೆ ಸಾಕಿತ್ತು. ಇಂದಿನ ಪಂಚಾಯತಿಯ ಕರವಸೂಲಿಗಾರ ಅಳತೆಯ ಟೇಪು ಹಿಡಿದು ಆ ಗೋಡೆಯ ಒಳಗೆ ಹೋಗುವಂತಿಲ್ಲ. ಲೆಕ್ಕವನ್ನು ಒಳಗಿದ್ದವರೇ ಬರೆದು ಕೊಡಬೇಕು.