ಸತ್ತಂತೆ ಮಲಗುವ ಸಂಜೀವಿನಿ

ಹಂಪಿಯ ಆಚೆ ದಂಡೆಯ ಅಂಜನಾದ್ರಿಯೇ ಹನುಮ ಹುಟ್ಟಿದ ಬೆಟ್ಟವೆಂಬುದು ಈ ಸೀಮೆಯವರ ನಂಬಿಕೆ. ಗುರುತು ಹತ್ತದೆ ಅವನು ಬೆಟ್ಟವನ್ನೇ ಹೊತ್ತು ತಂದನಲ್ಲ, ಆ ಸಂಜೀವಿನಿ ಯಾವುದು? ಜಾತ್ರೆಗಳಲ್ಲಿ ನಾರುಬೇರು ಮಾರುವವರ ಬಳಿ ಉತ್ತರ ಸಿದ್ಧವಾಗಿದೆ: ಮುಷ್ಟಿಯಂತೆ ಮುದುಡಿದ ಕಂದು ಬಣ್ಣದ ಒಣಗಿಡ. ನೀರಿನಲ್ಲಿಟ್ಟರೆ ಕೆಲವು ಗಂಟೆಗಳಲ್ಲಿ ಬಿಚ್ಚಿಕೊಂಡು ಹಸಿರಾಗುತ್ತದೆ.

ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಸೆಲಾಜಿನೆಲ್ಲಾ ಬ್ರಯಾಪ್ಟೆರಿಸ್. ನೋಟಕ್ಕೆ ಹಾವಸೆಯಂತಿದ್ದರೂ ಹಾವಸೆಯಲ್ಲ; ನೀರು ಸಾಗಿಸುವ ನಾಳಗಳು ಇದಕ್ಕುಂಟು. ಹೂವಿಲ್ಲ, ಬೀಜವಿಲ್ಲ. ಕವಲಿನ ತುದಿಯ ಪುಟ್ಟ ತೆನೆಗಳಲ್ಲಿ ಮೂಡುವ ಬೀಜಕಣಗಳಿಂದಲೇ ವಂಶಾಭಿವೃದ್ಧಿ. ಸುಮಾರು 30 ಕೋಟಿ ವರ್ಷಗಳ ಹಿಂದೆ ಮರಗಳಾಗಿ ಬೆಳೆದಿದ್ದ ಇದರ ದೂರದ ನೆಂಟರು ಇಂದು ಕಲ್ಲಿದ್ದಲಾಗಿ ಭೂಮಿಯೊಳಗಿದ್ದಾರೆ.

ಬೆಟ್ಟದ ಬಂಡೆಯ ಮೇಲೆ ಮಣ್ಣು ತೆಳು. ಮಳೆ ನಿಂತರೆ ತೇವವೂ ಹೋಯಿತು. ಬೇರೆ ಗಿಡಗಳು ನೀರನ್ನು ಹಿಡಿದಿಡಲು ಹೆಣಗುತ್ತವೆ. ಇದು ನೀರನ್ನು ಬಿಟ್ಟುಕೊಟ್ಟು, ಎಲೆಗಳ ಹಸಿರು ಮೈಯನ್ನು ಒಳಗೆ ಸುತ್ತಿಕೊಂಡು ಮಲಗಿಬಿಡುತ್ತದೆ. ಜೀವಕೋಶದಲ್ಲಿರುವ ಸಕ್ಕರೆಗಳೂ ಪ್ರೋಟೀನುಗಳೂ ಅದರ ಪೊರೆ ಹರಿಯದಂತೆ ಕಾಯುತ್ತವೆ. ಮಳೆ ಬಿದ್ದೊಡನೆ ಉಸಿರಾಟ ಮರಳುತ್ತದೆ. ಸತ್ತದ್ದು ಬದುಕುವುದಿಲ್ಲ, ಬದುಕಿದ್ದೇ ಎಚ್ಚರಗೊಳ್ಳುತ್ತದೆ.

ರಾಮಾಯಣದ ಸಂಜೀವಿನಿಯನ್ನು ಗುರುತಿಸಲು ಕರ್ನಾಟಕದ ವಿಜ್ಞಾನಿಗಳಾದ ಕೆ.ಎನ್. ಗಣೇಶಯ್ಯ, ಆರ್. ವಾಸುದೇವ ಮತ್ತು ಆರ್. ಉಮಾಶಂಕರ್ 2009ರಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಒಂದು ಪ್ರಯತ್ನ ಮಾಡಿದರು. ಭಾರತೀಯ ಭಾಷೆಗಳಲ್ಲಿ ಆ ಹೆಸರನ್ನು ಹೋಲುವ ಸಸ್ಯಗಳನ್ನು ಕಲೆಹಾಕಿ ಸೋಸಿದಾಗ ಕೊನೆಗೆ ಉಳಿದವುಗಳಲ್ಲಿ ಇದೂ ಒಂದು, ಒಂದು ಆರ್ಕಿಡ್ ಇನ್ನೊಂದು. ಆದರೆ ಹೆಸರು ಹೊಂದಿದ ಮಾತ್ರಕ್ಕೆ ಹನುಮ ತಂದದ್ದು ಇದೇ ಎನ್ನಲಾಗದು. ತಾನು ಚಿಗುರುವ ಗಿಡ ರೋಗಿಯನ್ನೂ ಎಬ್ಬಿಸುತ್ತದೆಂದು ಹೇಳಲೂ ಆಗದು.

ಕೊಳ್ಳುವವರು ಇನ್ನೊಂದನ್ನು ತಿಳಿದಿರಬೇಕು. ಬಟ್ಟಲಲ್ಲಿ ಅರಳಿದ್ದೆಲ್ಲ ಜೀವಂತವಲ್ಲ. ಮೆಕ್ಸಿಕೋ ಮರುಭೂಮಿಯಲ್ಲಿರುವ ಇದರ ದಾಯಾದಿ ಗಿಡವೊಂದು ಸತ್ತ ಮೇಲೂ ನೀರು ಹೀರಿ ಬಿಚ್ಚಿಕೊಳ್ಳುತ್ತದೆ. ಬೇರುಸಹಿತ ಕಿತ್ತ ಗಿಡವಾದರೋ ಬಂಡೆಗೆ ಮರಳುವುದಿಲ್ಲ. ಬಂಡೆಯೇ ಜಲ್ಲಿಯಾಗಿ ಲಾರಿ ಹತ್ತಿದರಂತೂ ಯಾವ ಮಳೆಯೂ ಅದನ್ನು ಎಬ್ಬಿಸಲಾರದು.

ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯ ಕಲ್ಲುಬೆಟ್ಟಗಳಿಗೆ 2013ರಲ್ಲಿ ಅಭಯಾರಣ್ಯದ ರಕ್ಷಣೆ ದೊರೆತದ್ದು ಕರಡಿಯ ಹೆಸರಿನಲ್ಲಿ. ಬರಿಗಲ್ಲೆಂದು ನಾವು ಕಡೆಗಣಿಸುವ ಇಂಥ ಬೆಟ್ಟಗಳ ಸಣ್ಣ ಸಸ್ಯಗಳಿಗೂ ಅದೇ ಆಸರೆ. ಹನುಮ ಗಿಡಕ್ಕಾಗಿ ಬೆಟ್ಟವನ್ನು ಎತ್ತಿದ; ನಾವು ಗಿಡಕ್ಕಾಗಿ ಬೆಟ್ಟವನ್ನು ಇದ್ದಲ್ಲೇ ಇರಗೊಟ್ಟರೆ ಸಾಕು.