ಸ್ಕ್ಯಾನಿಂಗ್ ಕಲಿಯಹೊರಟ ನಮ್ಮ ಮಕ್ಕಳು: ಮುಂಗಡ ಕಟ್ಟುವ ಮುನ್ನ ನಾಲ್ಕು ಮಾತು



ಬೋರ್ಡೋ ದ್ರಾವಣದ ಹದ, ಚಾಲಿಯ ಧಾರಣೆ, ಕಾಂಡಕೊರಕದ ಹಾವಳಿ ಇವುಗಳ ಬಗೆಗೆ ಈ ಪುಟದಲ್ಲಿ ನಾವು ಬರೆಯುತ್ತ ಬಂದಿದ್ದೇವೆ. ಈ ಸಲದ ವಿಷಯ ಬೇರೆ. ಪರೀಕ್ಷೆಯ ಫಲಿತಾಂಶ ಬಂತೆಂದರೆ ಸಂಘದ ಕಛೇರಿಗೆ ಗೊಬ್ಬರದ ಸಾಲಕ್ಕೆ ಬರುವಷ್ಟೇ ಮಂದಿ ಮಕ್ಕಳ ಓದಿನ ಸಾಲಕ್ಕೂ ಬರುತ್ತಾರೆ. ಅವರಲ್ಲಿ ಹಲವರ ಬಾಯಲ್ಲಿ ಈಚೆಗೆ ಒಂದೇ ಮಾತು: "ಸ್ಕ್ಯಾನಿಂಗ್ ಕೋರ್ಸು." ಈ ವಿಷಯದಲ್ಲಿ ನಾವೇ ಒಮ್ಮೆ ಎಡವಿದ್ದೇವೆ. ಆದ್ದರಿಂದ ಬರೆಯುವ ಹೊಣೆಯೂ ನಮ್ಮದೇ ಎಂದು ತಿಳಿದಿದ್ದೇವೆ.

ಕೆಲವು ವರ್ಷಗಳ ಹಿಂದಿನ ಮಾತು. ಒಂದೂವರೆ ಎಕರೆ ಅಡಿಕೆ, ಎರಡು ಎಕರೆ ರೋಬಸ್ಟಾ ಇರುವ ಸದಸ್ಯರೊಬ್ಬರು ಮಗನನ್ನು ಕರೆದುಕೊಂಡು ಕಛೇರಿಗೆ ಬಂದರು. ಹುಡುಗ ಪಿಯುಸಿ ವಿಜ್ಞಾನ ಮುಗಿಸಿದ್ದ. ಕೈಯಲ್ಲಿ ಬಣ್ಣಬಣ್ಣದ ಕಾಗದ: "ಆರೇ ತಿಂಗಳಲ್ಲಿ ಅಲ್ಟ್ರಾಸೌಂಡ್ ತಂತ್ರಜ್ಞರಾಗಿ, ಕೆಲಸ ಖಾತ್ರಿ." ಶುಲ್ಕ ತೊಂಬತ್ತು ಸಾವಿರ. "ಸೆಕ್ರೆಟ್ರಿಗಳೇ, ನೀವು ಓದಿಕೊಂಡವರು. ಸೇರಿಸಬಹುದೋ ಹೇಳಿ" ಎಂದರು ತಂದೆ. ನಾವು ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಸ್ಕ್ಯಾನಿಂಗ್ ಇಲ್ಲದ ಆಸ್ಪತ್ರೆ ಈಗ ಯಾವುದಿದೆ? ಧಾರಾಳವಾಗಿ ಸೇರಿಸಿ" ಎಂದು ಶಿಫಾರಸಿಗೆ ಸಹಿ ಹಾಕಿದೆವು. ವಿಚಾರಿಸಿ ಹಾಕಿದ ಸಹಿಯಲ್ಲ ಅದು.

ಹುಡುಗ ಆರು ತಿಂಗಳು ಮುಗಿಸಿ ಪ್ರಮಾಣಪತ್ರ ಹಿಡಿದು ಮೂರು ಕಡೆ ಹೋದ. ಮೊದಲನೆಯ ಕಡೆ ವೈದ್ಯರು, "ಮಗೂ, ಇದನ್ನು ಇಟ್ಟುಕೊಂಡು ನೀನು ಯಂತ್ರ ಮುಟ್ಟುವ ಹಾಗಿಲ್ಲ" ಎಂದು ಕಾಗದ ಹಿಂದಿರುಗಿಸಿದರು. ಎರಡನೆಯ ಕಡೆ ರೋಗಿಗಳ ಹೆಸರು ಬರೆದುಕೊಳ್ಳುವ ಕೆಲಸ ಕೊಡುತ್ತೇವೆಂದರು. ಮೂರನೆಯ ಕಡೆ ಮಾತ್ರ ಆದರದಿಂದ ಕೂರಿಸಿ, "ಡಾಕ್ಟರು ಇಲ್ಲದ ಹೊತ್ತಿನಲ್ಲಿ ಯಂತ್ರ ನೀನೇ ನಡೆಸು, ಸಂಬಳ ಎರಡು ಪಟ್ಟು" ಎಂದರಂತೆ. ಹುಡುಗನಿಗೆ ಏನೋ ಸರಿಯಿಲ್ಲವೆನ್ನಿಸಿ ರಾತ್ರಿ ಬಸ್ಸಿಗೇ ಊರಿಗೆ ಬಂದುಬಿಟ್ಟ. ತಂದೆ ಆ ವರ್ಷ ಧಾರಣೆ ಏರುವ ತನಕ ಕಾಯದೆ ಚಾಲಿ ಮಾರಿ ಸಾಲದ ಕಂತು ಕಟ್ಟಿದರು. ನಮಗೆ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ನಮಗೆ ಹಗುರವಾಗುತ್ತಿತ್ತು.

ಅಂದಿನಿಂದ ಈ ವಿಷಯವನ್ನು ವೈದ್ಯ ಮಿತ್ರರಲ್ಲಿ ಕೇಳಿ, ಕಾನೂನಿನ ಪುಸ್ತಕ ತೆರೆದು ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಯಂತ್ರ ಮಾಡುವುದೇನು?

ಸಂಜೆ ಹೊತ್ತು ಅಂಗಳದಲ್ಲಿ ಹುಳು ಹಿಡಿಯುತ್ತ ಹಾರುವ ಸಣ್ಣ ಕಣ್ಣುಕಪ್ಪಡಿಯನ್ನು ಎಲ್ಲರೂ ನೋಡಿದ್ದೀರಿ (ತೋಟದಲ್ಲಿ ಹಣ್ಣಡಿಕೆ ಚೀಪಿ ಉದುರಿಸುವ ದೊಡ್ಡ ಬಾವಲಿಯಲ್ಲ). ಅದು ನಮ್ಮ ಕಿವಿಗೆ ಕೇಳಿಸದ ಸ್ವರ ಹೊರಡಿಸಿ, ಮರಳಿ ಬರುವ ಪ್ರತಿಧ್ವನಿಯಿಂದ ಹುಳು ಎಲ್ಲಿದೆಯೆಂದು ತಿಳಿಯುತ್ತದೆ. ಸ್ಕ್ಯಾನಿಂಗ್ ಯಂತ್ರದ್ದೂ ಇದೇ ವಿದ್ಯೆ. ಮನುಷ್ಯನ ಕಿವಿಗೆ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗೆ ಕೇಳಿಸುತ್ತದೆ. ಈ ಯಂತ್ರ ಸಾಮಾನ್ಯವಾಗಿ 20 ಲಕ್ಷದಿಂದ 150 ಲಕ್ಷ ಕಂಪನಗಳ ಧ್ವನಿಯನ್ನು ಮೈಯೊಳಗೆ ಕಳಿಸುತ್ತದೆ. ಮೆದು ಅಂಗಾಂಶದಲ್ಲಿ ಅದು ಸೆಕೆಂಡಿಗೆ ಸುಮಾರು 1,540 ಮೀಟರ್ ವೇಗದಲ್ಲಿ ಸಾಗಿ, ಅಂಗಗಳ ಅಂಚಿಗೆ ತಾಗಿ ಮರಳುತ್ತದೆ. ಮರಳಲು ಹಿಡಿದ ಹೊತ್ತನ್ನು ಲೆಕ್ಕ ಹಾಕಿ ಯಂತ್ರ ಚಿತ್ರ ಬಿಡಿಸುತ್ತದೆ. ಗಾಳಿಯ ಪದರ ಅಡ್ಡ ಬಂದರೆ ಧ್ವನಿ ಒಳಗೆ ಹೋಗುವುದಿಲ್ಲ. ಹೊಟ್ಟೆಗೆ ತಣ್ಣನೆಯ ಅಂಟು ಸವರುವುದು ಅದಕ್ಕೇ.

ಇದರ ಮೂಲದಲ್ಲಿರುವ ಹರಳಿನ ಗುಣವನ್ನು 1880ರಲ್ಲಿ ಕ್ಯೂರಿ ಸೋದರರು ಫ್ರಾನ್ಸಿನಲ್ಲಿ ಕಂಡುಹಿಡಿದರು. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಇಯಾನ್ ಡೊನಾಲ್ಡ್ ಎಂಬ ಪ್ರಸೂತಿ ವೈದ್ಯರು, ಕಾರ್ಖಾನೆಗಳಲ್ಲಿ ಲೋಹದ ಬಿರುಕು ಪತ್ತೆ ಮಾಡಲು ಬಳಸುತ್ತಿದ್ದ ಯಂತ್ರವನ್ನು ನೋಡಿ, ಇದು ಮನುಷ್ಯನ ಹೊಟ್ಟೆಗೂ ಒದಗೀತೆಂದು ಪ್ರಯೋಗಕ್ಕಿಳಿದರು. 1958ರಲ್ಲಿ ಅವರೂ ಜೊತೆಗಾರರೂ 'ಲಾನ್ಸೆಟ್' ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು.

ಒಂದು ಮಾತು ಮುಖ್ಯ. ಎಕ್ಸ್‌ರೇ ತೆಗೆದ ಮೇಲೆ ಆ ಚಿತ್ರವನ್ನು ಯಾವ ವೈದ್ಯರು ಬೇಕಾದರೂ ನೋಡಬಹುದು. ಸ್ಕ್ಯಾನಿಂಗ್ ಹಾಗಲ್ಲ. ಕೈ ಎತ್ತ ಹೊರಳಿತೋ ಅತ್ತಲಿನದು ಮಾತ್ರ ಕಾಣುತ್ತದೆ. ಕಣ್ಣು ತಪ್ಪಿಸಿಕೊಂಡದ್ದು ತಪ್ಪಿಯೇ ಹೋಯಿತು. ಕೊನೆಗಾರನ ಕೆಲಸದ ಹಾಗೆ ಇದು ಕೈಯ ವಿದ್ಯೆ. ಪುಸ್ತಕದಿಂದ ಬರುವಂಥದಲ್ಲ, ಆರು ತಿಂಗಳಲ್ಲಿ ಬರುವಂಥದಂತೂ ಅಲ್ಲ.

ನಮ್ಮ ದೇಶದ ಕಾನೂನು

ಹೆಣ್ಣು ಭ್ರೂಣಹತ್ಯೆಯನ್ನು ತಡೆಯಲು 1994ರಲ್ಲಿ ಸಂಸತ್ತು ಒಂದು ಕಾಯಿದೆ ಮಾಡಿತು. 1996ರ ಜನವರಿ 1ರಿಂದ ಜಾರಿಗೆ ಬಂದ ಇದನ್ನು 2003ರಲ್ಲಿ ಇನ್ನಷ್ಟು ಬಿಗಿಗೊಳಿಸಲಾಯಿತು. ಪಿಸಿಪಿಎನ್‌ಡಿಟಿ ಕಾಯಿದೆ ಎಂದು ಇದರ ರೂಢಿಯ ಹೆಸರು. ಇದರಂತೆ ಸ್ಕ್ಯಾನಿಂಗ್ ಕೇಂದ್ರ ನೋಂದಣಿಯಾಗಿರಬೇಕು. ಗರ್ಭಿಣಿಯರ ಸ್ಕ್ಯಾನಿಂಗ್ ಮಾಡುವವರು ಅರ್ಹ ವೈದ್ಯರೇ ಆಗಿರಬೇಕು. ಪ್ರತಿ ಗರ್ಭಿಣಿಯ ವಿವರವನ್ನೂ ನಿಗದಿತ ನಮೂನೆಯಲ್ಲಿ ಬರೆದಿಡಬೇಕು. ಮಗು ಗಂಡೋ ಹೆಣ್ಣೋ ಎಂದು ಮಾತಿನಲ್ಲಾಗಲಿ ಸನ್ನೆಯಲ್ಲಾಗಲಿ ತಿಳಿಸಕೂಡದು. ತಪ್ಪಿದರೆ ಮೊದಲ ಸಲಕ್ಕೇ ಮೂರು ವರ್ಷಗಳವರೆಗೆ ಸೆರೆವಾಸ, ಹತ್ತು ಸಾವಿರ ರೂಪಾಯಿವರೆಗೆ ದಂಡ. ಜಾಮೀನು ಸಿಗದ ಅಪರಾಧಗಳ ಸಾಲಿನಲ್ಲಿ ಇದನ್ನು ಸೇರಿಸಿದ್ದಾರೆ.

ಇನ್ನು "ಆರು ತಿಂಗಳ ತರಬೇತಿ"ಯ ಗುಟ್ಟು ಕೇಳಿ. ಹಾಗೊಂದು ತರಬೇತಿ ಇರುವುದು ನಿಜ. 2014ರಲ್ಲಿ ಅದಕ್ಕೆ ನಿಯಮಗಳನ್ನೇ ಮಾಡಿದ್ದಾರೆ. ಆದರೆ ಅದು ಎಂಬಿಬಿಎಸ್ ಮುಗಿಸಿದ ವೈದ್ಯರಿಗೆ! ಆ ಅವಧಿಯನ್ನೇ ಬಣ್ಣದ ಕಾಗದದಲ್ಲಿ ಅಚ್ಚು ಹಾಕಿಸಿ ಪಿಯುಸಿ ಆದ ಮಕ್ಕಳಿಗೆ ಮಾರಿದರೆ, ಗೊತ್ತಿಲ್ಲದವರು ನಂಬಿಯೇ ನಂಬುತ್ತಾರೆ. ನಾವೂ ನಂಬಿದೆವು.

2023ರ ಕೊನೆಯಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಭ್ರೂಣಲಿಂಗ ಪತ್ತೆ ಮಾಡುತ್ತಿದ್ದ ಜಾಲವನ್ನು ಪೊಲೀಸರು ಬಯಲಿಗೆಳೆದದ್ದು ನಿಮಗೆಲ್ಲ ನೆನಪಿದ್ದೀತು. ಆ ಸುದ್ದಿ ಓದಿದ ದಿನ ನಮ್ಮ ಕಣ್ಣೆದುರಿಗೆ ಬಂದದ್ದು ರಾತ್ರಿ ಬಸ್ಸು ಹತ್ತಿ ಮನೆಗೆ ಬಂದ ಆ ಹುಡುಗನ ಮುಖ. ಎರಡು ಪಟ್ಟು ಸಂಬಳಕ್ಕೆ ಒಪ್ಪಿದ್ದರೆ ಅವನ ಗತಿ ಏನಾಗಬಹುದಿತ್ತು?

ಹಾಗಾದರೆ ದಾರಿ ಯಾವುದು?

ದಾರಿ ಇದೆ, ಒಳ್ಳೆಯ ದಾರಿಯೇ ಇದೆ. ಹೆಸರು ಮಾತ್ರ "ಅಲ್ಟ್ರಾಸೌಂಡ್ ತಂತ್ರಜ್ಞ" ಎಂದಲ್ಲ.

ಮೊದಲನೆಯದು, ರಾಜ್ಯದ ಪ್ಯಾರಾಮೆಡಿಕಲ್ ಬೋರ್ಡಿನ ಇಮೇಜಿಂಗ್ ಡಿಪ್ಲೊಮಾ. ಊರಿನ ಬಾಯಲ್ಲಿ ಎಕ್ಸ್‌ರೇ ಡಿಪ್ಲೊಮಾ. ಎಸ್ಸೆಸ್ಸೆಲ್ಸಿ ಆದವರಿಗೂ ಪಿಯುಸಿ ವಿಜ್ಞಾನ ಆದವರಿಗೂ ಇದರಲ್ಲಿ ಅವಕಾಶವುಂಟು.

ಎರಡನೆಯದು, ಬಿ.ಎಸ್ಸಿ. ಮೆಡಿಕಲ್ ಇಮೇಜಿಂಗ್ ಟೆಕ್ನಾಲಜಿ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳಲ್ಲಿ ಮೂರು ವರ್ಷದ ಓದು, ಮೇಲೆ ಒಂದು ವರ್ಷ ಆಸ್ಪತ್ರೆಯಲ್ಲಿ ಕೆಲಸದ ತರಬೇತಿ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು. ಎಕ್ಸ್‌ರೇ, ಸಿಟಿ, ಎಂಆರ್‌ಐ ಯಂತ್ರಗಳನ್ನು ಸ್ವತಃ ನಡೆಸಲು ಕಲಿಯುತ್ತಾರೆ. ಅಲ್ಟ್ರಾಸೌಂಡಿನಲ್ಲಿ ವೈದ್ಯರಿಗೆ ನೆರವಾಗುವುದನ್ನೂ ಕಲಿಯುತ್ತಾರೆ. ಎಕ್ಸ್‌ರೇ, ಸಿಟಿಗಳಲ್ಲಿ ವಿಕಿರಣದ ಅಪಾಯವಿರುವುದರಿಂದ ಅಲ್ಲಿ ಅರ್ಹ ತಂತ್ರಜ್ಞರೇ ಇರಬೇಕೆಂದು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಕಟ್ಟಳೆ. ಆದ್ದರಿಂದ ಸರಿಯಾಗಿ ಓದಿದವರಿಗೆ ಬೇಡಿಕೆಯುಂಟು.

ಮೂರನೆಯದು, ಬಿ.ಎಸ್ಸಿ. ಕಾರ್ಡಿಯಾಕ್ ಕೇರ್ ಟೆಕ್ನಾಲಜಿ. ಹೃದಯದ 'ಎಕೋ' ಪರೀಕ್ಷೆಯೂ ಧ್ವನಿತರಂಗದ್ದೇ. ಕೈಯಲ್ಲಿ ಸಲಕರಣೆ ಹಿಡಿಯುವ ಆಸೆ ಬಿಡದ ಮಕ್ಕಳು, ಹೃದ್ರೋಗ ತಜ್ಞರ ಕೆಳಗೆ ದುಡಿಯುವ ಈ ದಾರಿಯನ್ನು ವಿಚಾರಿಸಬಹುದು.

ಇಂಥ ವೃತ್ತಿಗಳಿಗೆಲ್ಲ ಒಂದು ಚೌಕಟ್ಟು ಹಾಕಲು 2021ರಲ್ಲಿ ಸಂಸತ್ತು ರಾಷ್ಟ್ರೀಯ ಆಯೋಗದ ಕಾಯಿದೆಯನ್ನು ಮಾಡಿದೆ. ಮಾನ್ಯತೆಯಿಲ್ಲದ ಪ್ರಮಾಣಪತ್ರಕ್ಕೆ ಮುಂದಿನ ದಿನಗಳಲ್ಲಿ ಇನ್ನೂ ಕಷ್ಟವೆಂದು ತಿಳಿಯಿರಿ.

ಪರದೇಶದ ಮಾತು

"ಅಮೆರಿಕದಲ್ಲಿರುವ ಭಾವನ ಮಗಳು ಸ್ಕ್ಯಾನಿಂಗ್ ಕೆಲಸದಲ್ಲೇ ಇದ್ದಾಳಲ್ಲ?" ಎಂದು ಕೆಲವರು ಕೇಳುತ್ತಾರೆ. ಸರಿಯೇ. ಅಲ್ಲಿ ಸೋನೋಗ್ರಾಫರ್ ಎಂಬುದೇ ಒಂದು ವೃತ್ತಿ. ಚಿತ್ರ ತೆಗೆಯುವವರು ಅವರು, ವರದಿಗೆ ಸಹಿ ಹಾಕುವವರು ವೈದ್ಯರು. ಮಾನ್ಯತೆ ಪಡೆದ ಕಾಲೇಜಿನಲ್ಲಿ ಓದಿ, 1975ರಲ್ಲಿ ಹುಟ್ಟಿದ ಎಆರ್‌ಡಿಎಂಎಸ್ ಎಂಬ ಸಂಸ್ಥೆಯ ಪರೀಕ್ಷೆಗಳಲ್ಲಿ ತೇರ್ಗಡೆಯಾಗುವುದು ರೂಢಿ: ಧ್ವನಿಯ ಭೌತಶಾಸ್ತ್ರದ್ದೊಂದು, ಹೊಟ್ಟೆಯದೋ ಪ್ರಸೂತಿಯದೋ ಆಯ್ದ ವಿಭಾಗದ್ದೊಂದು. ಇಂಗ್ಲೆಂಡಿನಲ್ಲಿ ಎಕ್ಸ್‌ರೇ ವಿಭಾಗದ ಪದವೀಧರರು ಸ್ನಾತಕೋತ್ತರ ತರಬೇತಿ ಪಡೆದು ಈ ಕೆಲಸಕ್ಕೆ ಬರುವುದೇ ಹೆಚ್ಚು. ಅಂದರೆ ಹೊರದೇಶದ ಆಸೆಯಿದ್ದವರಿಗೂ ಇಲ್ಲಿ ಗಟ್ಟಿಯಾದ ಪದವಿಯೇ ಬುನಾದಿ.

ಕೇಳಬೇಕಾದ ಪ್ರಶ್ನೆಗಳು

ಅಡಿಕೆ ಸಸಿ ತರುವಾಗ ತಾಯಿಮರ ಯಾವುದೆಂದು ಕೇಳದೆ ತರುತ್ತೀರಾ? ಇಲ್ಲ. ಐದಾರು ವರ್ಷ ನೀರು, ಗೊಬ್ಬರ ಹಾಕಿದ ಮೇಲೆ ಗೊನೆ ಬಾರದಿದ್ದರೆ ಆ ವರ್ಷಗಳನ್ನು ಯಾರೂ ಮರಳಿ ಕೊಡುವುದಿಲ್ಲವೆಂದು ನಿಮಗೆ ಗೊತ್ತು. ಮಕ್ಕಳನ್ನು ಸೇರಿಸುವಾಗಲೂ ಹೀಗೆ ಕೇಳಿ:

1. ಈ ಕೋರ್ಸಿಗೆ ಪರೀಕ್ಷೆ ನಡೆಸುವ ವಿಶ್ವವಿದ್ಯಾಲಯ ಅಥವಾ ಬೋರ್ಡು ಯಾವುದು? ಅವರ ಪಟ್ಟಿಯಲ್ಲಿ ಈ ಕಾಲೇಜಿನ ಹೆಸರಿದೆಯೇ?
2. ಕಾಲೇಜಿಗೆ ಸ್ವಂತ ಆಸ್ಪತ್ರೆ ಇದೆಯೇ? ಇಲ್ಲದಿದ್ದರೆ ಮಕ್ಕಳು ಯಂತ್ರ ಮುಟ್ಟುವುದೆಲ್ಲಿ?
3. ಎಕ್ಸ್‌ರೇ, ಸಿಟಿ, ಎಂಆರ್‌ಐ ಇವುಗಳಲ್ಲಿ ಯಾವುವು ಅಲ್ಲಿವೆ, ಯಾವುವು ಕಾಗದದ ಮೇಲೆ ಮಾತ್ರ?
4. ಹಿಂದಿನ ವರ್ಷ ಮುಗಿಸಿದವರು ಈಗ ಎಲ್ಲಿದ್ದಾರೆ? ಅವರಲ್ಲಿ ಇಬ್ಬರೊಡನೆ ಮಾತಾಡಿಸುತ್ತೀರಾ?
5. ಪೂರ್ತಿ ಶುಲ್ಕ ಎಷ್ಟು? ರಸೀದಿ ಕೊಡುತ್ತೀರಾ?

ಐದನೆಯ ಪ್ರಶ್ನೆಗೆ ಮುಖ ಸಿಂಡರಿಸಿದರೆ ಎದ್ದು ಬನ್ನಿ.

ಮಕ್ಕಳನ್ನೂ ಕೇಳಿ. ಇದು ರಾತ್ರಿಪಾಳಿಯ ಕೆಲಸ, ನಿಂತೇ ಮಾಡುವ ಕೆಲಸ. ನೋವಿನಲ್ಲಿರುವವರನ್ನು ಹೊರಳಿಸಿ ಮಲಗಿಸುವ ತಾಳ್ಮೆ ಬೇಕು. ಭೌತಶಾಸ್ತ್ರವನ್ನು ಕಂಡರೆ ಹೆದರುವವರಿಗೂ ರಕ್ತ ಕಂಡರೆ ತಲೆ ತಿರುಗುವವರಿಗೂ ಇದು ಕಷ್ಟ.

ಆ ಹುಡುಗನ ಕಥೆ ಏನಾಯಿತೆಂದು ಕೇಳುವಿರಿ. ಮಾರನೆಯ ವರ್ಷ ಅವನು ಮಾನ್ಯತೆಯಿದ್ದ ಕಾಲೇಜಿನಲ್ಲಿ ಡಿಪ್ಲೊಮಾಕ್ಕೆ ಸೇರಿದ. ಈ ಬಾರಿ ಕಾಲೇಜಿಗೆ ನಾವೂ ಜೊತೆಗೆ ಹೋಗಿ, ಪಟ್ಟಿ ನೋಡಿ, ಆಸ್ಪತ್ರೆಯ ಎಕ್ಸ್‌ರೇ ಕೋಣೆಯ ಬಾಗಿಲವರೆಗೂ ನಡೆದು ಬಂದೆವು. ಈಗ ಅವನು ಆಸ್ಪತ್ರೆಯೊಂದರಲ್ಲಿ ಸಿಟಿ ಯಂತ್ರ ನಡೆಸುತ್ತಾನೆ. ಕೊನೆಕೊಯ್ಲಿಗೆ ರಜೆ ಹಾಕಿ ಬರುತ್ತಾನೆ. ಆದರೂ ಕಳೆದುಹೋದ ಒಂದು ವರ್ಷ, ತೊಂಬತ್ತು ಸಾವಿರ ಅವನ ಲೆಕ್ಕದಲ್ಲಿ ನಷ್ಟವೇ. ಅದರಲ್ಲಿ ನಮ್ಮ ಸಹಿಯ ಪಾಲೂ ಇದೆ.

ಇನ್ನು ಮುಂದೆ ಇಂಥ ಸಾಲದ ಅರ್ಜಿಗಳೊಡನೆ ಕಾಲೇಜಿನ ಮಾನ್ಯತೆಯ ಪತ್ರದ ಪ್ರತಿಯನ್ನೂ ಲಗತ್ತಿಸಬೇಕೆಂದು ಆಡಳಿತ ಮಂಡಳಿ ತೀರ್ಮಾನಿಸಿದೆ. ಪತ್ರ ಓದಲು ತೊಡಕಾದರೆ ಶನಿವಾರ ಬೆಳಗಿನ ಹೊತ್ತು ಕಛೇರಿಗೆ ತನ್ನಿ, ಕೂತು ಓದೋಣ. ಮುಂಗಡ ಕಟ್ಟುವ ಮುನ್ನವೇ ಬನ್ನಿ. ಕಟ್ಟಿದ ಮೇಲೆ ಬಂದರೆ ನಾವು ಒಂದು ಲೋಟ ಕಾಫಿ ಕೊಡಬಲ್ಲೆವೇ ಹೊರತು ಬೇರೇನೂ ಮಾಡಲಾರೆವು.

— ಕಾರ್ಯದರ್ಶಿ